ಅನ್ನದ ಮೇಲೆ ಹೊರಿಸಿದ ತಪ್ಪು

ನನ್ನ ಸೊಂಟದ ಸುತ್ತಳತೆ ಒಂದು ಕಾಲದಲ್ಲಿ ಕಡಬ ಪೇಟೆಯ ಅರ್ಧ ಜನಕ್ಕೆ ಗೊತ್ತಿತ್ತು. ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ನಲ್ವತ್ತು ಇಂಚಿನಿಂದ ಮೂವತ್ತಮೂರಕ್ಕೆ ಇಳಿಸಿದ ಕಥೆಯನ್ನು ಪ್ಯಾಂಟಿನ ಅಳತೆ ಕೊಡಲು ಬಂದವರೆಲ್ಲ ನಿಂತಲ್ಲೇ ಕೇಳಬೇಕಾಗಿತ್ತು. ಟೈಲರನ ಟೇಪು ಸೊಂಟಕ್ಕೆ ಸುತ್ತಿರುವಾಗ ಗಿರಾಕಿ ಎಲ್ಲಿಗೆ ಓಡುತ್ತಾನೆ? ಈಗ ಅದನ್ನು ನೆನೆದರೆ ತಲೆ ತಗ್ಗಿಸುವ ಹಾಗಾಗುತ್ತದೆ. ಬಡಾಯಿ ಕೊಚ್ಚಿಕೊಂಡದ್ದು ಸಣ್ಣ ವಿಷಯ. ಹಾಗೆ ಆಡಿದ ಮಾತುಗಳಲ್ಲಿ ಒಂದು ಮನೆಯೊಳಗೆ ಅಮ್ಮನ ಕಿವಿಗೆ ಬಿತ್ತು, ಅಮ್ಮ ಊಟ ಬಿಟ್ಟರು. ಇನ್ನೂ ಸ್ವಲ್ಪ ತಡವಾಗಿದ್ದರೆ ಅವರನ್ನೂ ಕಳೆದುಕೊಳ್ಳುತ್ತಿದ್ದೆ. ಅದು ಹೇಗಾಯಿತು ಎಂದು ಬರೆಯಬೇಕು ಅಂತ ಬಹಳ ದಿನದಿಂದ ಇತ್ತು.

ನಮ್ಮ ಮನೆ ಇಚಿಲಂಪಾಡಿಯ ಕಡೆ. ನಾವು ಕ್ರೈಸ್ತರು, ಅಜ್ಜ ಕೇರಳದಿಂದ ಬಂದು ಇಲ್ಲಿನ ಗುಡ್ಡದಲ್ಲಿ ರಬ್ಬರ್ ಹಾಕಿದವರು. ತಂದೆ ಕೊನೆಯವರೆಗೂ ತಾನೇ ಮರ ಗೀರಿ ಹಾಲು ತೆಗೆದವರು. ನಾನು ರಬ್ಬರ್ ಕತ್ತಿ ಬಿಟ್ಟು ಕತ್ತರಿ ಹಿಡಿದೆ, ಕಡಬದಲ್ಲಿ ಒಂದು ಕೋಣೆ ಹಿಡಿದು ಟೈಲರ್ ಅಂಗಡಿ ಇಟ್ಟೆ. ಮನೆಯಲ್ಲಿ ಅಮ್ಮ, ನಾನು, ನನ್ನ ಹೆಂಡತಿ, ಕಾಲೇಜಿಗೆ ಹೋಗುವ ಮಗಳು. ಮನೆಯೊಳಗೆ ನಮ್ಮದು ಮಲಯಾಳ, ತಂದೆ ನನಗೆ ಅಪ್ಪಚ್ಚನ್, ಅಮ್ಮ ಅಮ್ಮಚ್ಚಿ; ಆದರೆ ಅಲ್ಲಿ ಆಡಿದ್ದನ್ನೂ ಇಲ್ಲಿ ನಮ್ಮೂರಿನ ಕನ್ನಡದಲ್ಲೇ ಬರೆಯುತ್ತೇನೆ.

ತಂದೆ ತೀರಿಕೊಂಡದ್ದು ಒಂದು ಜೂನ್ ತಿಂಗಳಲ್ಲಿ. ಅದಕ್ಕೆ ಸುಮಾರು ಮೂರು ವಾರ ಮೊದಲು ಅವರು ನನ್ನ ಅಂಗಡಿಗೆ ಬಂದಿದ್ದರು. ಶಾಲೆ ಶುರುವಾಗುವ ಸಮಯ, ರಾಮಕುಂಜದ ಮಕ್ಕಳ ಯೂನಿಫಾರ್ಮು ಕುತ್ತಿಗೆ ತನಕ ರಾಶಿ ಬಿದ್ದಿತ್ತು. ತಂದೆ ಗಿರಾಕಿಗಳ ಬೆಂಚಿನ ತುದಿಯಲ್ಲಿ ಕೂತು, ಅಂಗಡಿ ಖಾಲಿಯಾಗುವವರೆಗೆ ಕಾದರು. ಆಮೇಲೆ ಹೇಳಿದರು, "ಗುಡ್ಡೆ ಹತ್ತುವಾಗ ಎದೆ ಹತ್ರ ಒಂದು ಉರಿ ಬರ್ತದೆ. ಕೂತರೆ ಹೋಗ್ತದೆ. ಅಮ್ಮಚ್ಚಿಗೆ ಹೇಳ್ಬೇಡ, ಸುಮ್ಮನೆ ಹೆದರ್ತಾಳೆ." ನಾನು ಮೆಷಿನಿನಿಂದ ಕಾಲು ತೆಗೆಯಲಿಲ್ಲ. "ಗ್ಯಾಸ್ ಆಗಿರ್ಬೇಕು. ಒಂದು ಸೋಡಾ ಕುಡೀರಿ. ಈ ಯೂನಿಫಾರ್ಮ್ ಎಲ್ಲ ಮುಗೀಲಿ, ಪುತ್ತೂರಿಗೆ ಹೋಗಿ ತೋರಿಸುವ" ಎಂದೆ. ಅವರು ತಲೆಯಾಡಿಸಿ ಎದ್ದು ಹೋದರು. ಸೋಡಾ ಕುಡಿದರೋ ಇಲ್ಲವೋ ನನಗೆ ಗೊತ್ತಿಲ್ಲ.

ಯೂನಿಫಾರ್ಮು ಮುಗಿಯಲಿಲ್ಲ. ಒಂದು ಮಧ್ಯಾಹ್ನ ಅಮ್ಮ ಬಡಿಸಿದ ಕುಚ್ಚಲಕ್ಕಿ ಅನ್ನವನ್ನೂ ಬಂಗುಡೆ ಸಾರನ್ನೂ ಹೊಟ್ಟೆ ತುಂಬ ಉಂಡು, ಕೈ ತೊಳೆದು ಚಾವಡಿಯ ಬೆಂಚಿನಲ್ಲಿ ಮಲಗಿದವರು ಏಳಲಿಲ್ಲ. ಎದೆಯ ತೊಂದರೆ ಎಂದು ಡಾಕ್ಟರು ಹೇಳಿದರು. ನಾನು ಮಣ್ಣು ಹಾಕಿದೆ, ಬಂದವರಿಗೆಲ್ಲ ಕೈ ಮುಗಿದೆ. ಅಂಗಡಿಯ ಬೆಂಚಿನಲ್ಲಿ ಕೂತು ತಂದೆ ಆಡಿದ ಮಾತನ್ನು ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಅಮ್ಮನಿಗೆ ಹೇಳುವುದನ್ನಂತೂ ಯೋಚಿಸಲೂ ಧೈರ್ಯವಿರಲಿಲ್ಲ.

ನಲ್ವತ್ತೊಂದನೆಯ ದಿನದ ಪ್ರಾರ್ಥನೆ ಮುಗಿದ ವಾರ ಹೆಂಡತಿಯ ಒತ್ತಾಯಕ್ಕೆ ನಾನು ಪುತ್ತೂರಿಗೆ ಹೋಗಿ ಪರೀಕ್ಷೆ ಮಾಡಿಸಿದೆ. ಹೃದಯ ಸರಿ ಇತ್ತು. "ಸಕ್ಕರೆ ಗಡಿಯಲ್ಲಿ ಉಂಟು. ಅನ್ನ ಸ್ವಲ್ಪ ಕಮ್ಮಿ ಮಾಡಿ, ತರಕಾರಿ ಜಾಸ್ತಿ ಮಾಡಿ, ದಿನಾ ನಡೀರಿ, ಮೂರು ತಿಂಗಳು ಬಿಟ್ಟು ಬನ್ನಿ" ಎಂದರು ಅಲ್ಲಿನ ಡಾಕ್ಟರು. ಇಷ್ಟೇಯಾ ಅನಿಸಿತು. ನನಗೆ ಬೇಕಾದದ್ದು ಇನ್ನೂ ದೊಡ್ಡ ಶಿಕ್ಷೆ. ಬಸ್ಸಿನಲ್ಲಿ ಬರುವಾಗಲೇ ಮೊಬೈಲಿನಲ್ಲಿ ಅದು ಸಿಕ್ಕಿತು. ಯಾರೋ ಒಬ್ಬರು ಅನ್ನದ ತಟ್ಟೆಯನ್ನು ಮುಂದಿಟ್ಟುಕೊಂಡು, ಇದು ಬಿಳಿ ವಿಷ, ನಿಮ್ಮ ಹಿರಿಯರನ್ನು ಕೊಂದದ್ದು ಇದೇ ಎನ್ನುತ್ತಿದ್ದರು. ಆ ಮಾತು ನನಗೆ ಎಷ್ಟು ಹಿತವಾಯಿತೆಂದರೆ, ಬಸ್ಸು ಇಳಿಯುವಷ್ಟರಲ್ಲಿ ಅದನ್ನು ನಾಲ್ಕು ಸಲ ನೋಡಿದ್ದೆ. ತಂದೆಯನ್ನು ಕೊಂದವರು ಸಿಕ್ಕಿದ್ದರು, ಅದು ನಾನಾಗಿರಲಿಲ್ಲ.

ಅವತ್ತಿನಿಂದ ಅನ್ನ ಬಿಟ್ಟೆ. ಮೊದಲು ಬರೀ ಮೊಟ್ಟೆ, ಮಾಂಸ, ತೆಂಗಿನೆಣ್ಣೆ. ಬೆಳಿಗ್ಗೆ ಕಾಫಿಗೆ ಬೆಣ್ಣೆ ಹಾಕಿ ಕುಡಿಯುತ್ತಿದ್ದೆ, ಅದನ್ನು ನೋಡಿದರೆ ಮಗಳು ಮುಖ ತಿರುಗಿಸಿಕೊಳ್ಳುತ್ತಿದ್ದಳು. ಆಮೇಲೆ ಇನ್ನೊಬ್ಬರು ಮೊಬೈಲಿನಲ್ಲಿ ಬಂದು ಮಾಂಸವೇ ಕೆಟ್ಟದು ಎಂದರು, ಮಧ್ಯಾಹ್ನದವರೆಗೆ ಬರೀ ಹಣ್ಣು. ಮತ್ತೊಬ್ಬರು ಹಣ್ಣೂ ಬೇಡ ಎಂದರು, ಸಿರಿಧಾನ್ಯದ ಗಂಜಿ. ಕೊನೆಗೆ ದಿನಕ್ಕೆ ಒಂದೇ ಊಟ. ಹೆಂಡತಿ ನನಗೆಂದೇ ಬೇರೆ ಪಾತ್ರೆ ಇಟ್ಟಳು. ಯಾವ ವಾರ ಅದರಲ್ಲಿ ಏನು ಬೇಯಿಸಬೇಕೆಂದು ಅವಳಿಗೂ ಗೊತ್ತಾಗುತ್ತಿರಲಿಲ್ಲ, ನನಗೂ ಗೊತ್ತಾಗುತ್ತಿರಲಿಲ್ಲ. ಅಂಗಡಿ ಮುಚ್ಚುವ ಮೊದಲು ದಿನಾ ಬಾಗಿಲು ಎಳೆದು ನನ್ನ ಸೊಂಟಕ್ಕೆ ನಾನೇ ಟೇಪು ಸುತ್ತಿ, ಗೋಡೆಯಲ್ಲಿ ಸೀಮೆಸುಣ್ಣದಿಂದ ಬರೆಯುತ್ತಿದ್ದೆ. ಅರ್ಧ ಇಂಚು ಕಮ್ಮಿಯಾದ ದಿನ ನಾನು ಒಳ್ಳೆಯ ಮನುಷ್ಯ, ಏರಿದ ದಿನ ಮನೆಯವರ ಮೇಲೆ ರೇಗುವವ.

ಜನ ಹೊಗಳಿದರು. ಹೊಗಳಿಕೆ ಸಿಕ್ಕಿದ ಮೇಲೆ ನಾನು ಬೋಧನೆ ಶುರು ಮಾಡಿದೆ. ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಮಗಳು ಎರಡನೇ ಸಲ ಅನ್ನ ಹಾಕಿಸಿಕೊಂಡಳು. ನಾನು ಹೇಳಿದೆ, "ತಿನ್ನು, ತಿನ್ನು. ಅಪ್ಪಚ್ಚನಿಗೆ ಆದದ್ದು ಎಂತದರಿಂದ ಅಂತ ಮಾಡಿದ್ದೀಯಾ? ಇದರಿಂದಲೇ. ಐವತ್ತು ವರ್ಷ ದಿನಾ ಎರಡು ಹೊತ್ತು ಈ ವಿಷ ತಿಂದರೆ ಇನ್ನೆಂತ ಆಗುದು?" ಅಮ್ಮ ಅನ್ನದ ಪಾತ್ರೆ ಹಿಡಿದು ನಿಂತಿದ್ದರು. ಅವರ ಮುಖವನ್ನು ನಾನು ನೋಡಲಿಲ್ಲ. ನನ್ನ ಮುಂದೆ ಇದ್ದ ಬೇಯಿಸಿದ ಸೋರೆಕಾಯಿಯನ್ನು ನೋಡುತ್ತಿದ್ದೆ.

ಅಷ್ಟರಲ್ಲಿ ಐವತ್ತು ದಿನದ ನೋಂಬು ಬಂತು. ಈಸ್ಟರಿಗೆ ಮೊದಲಿನ ಆ ದಿನಗಳಲ್ಲಿ ನಮ್ಮವರು ಮೀನು, ಮಾಂಸ, ಮೊಟ್ಟೆ, ಹಾಲು ಬಿಡುತ್ತಾರೆ. ನಾನು ಅದರ ಮೇಲೆ ಅನ್ನವನ್ನೂ ಬಿಟ್ಟವ, ಒಂದೇ ಹೊತ್ತು ಉಣ್ಣುವವ. ಸೊಂಟ ಇಳಿಸುವ ಆಸೆಗೆ ದೇವರ ಹೆಸರು ಇಟ್ಟದ್ದು ಅಲ್ಲಿಂದ. ಯಾರಾದರೂ ಚಾ ಕುಡಿಯಲು ಕರೆದರೆ "ನೋಂಬು" ಎನ್ನುತ್ತಿದ್ದೆ. ನಮ್ಮ ಇಗರ್ಜಿಯ ಅಚ್ಚನ್, ಎಂದರೆ ಪಾದ್ರಿಗಳು, ಪ್ರಸಂಗದಲ್ಲಿ ಹೆಸರು ಹೇಳದೆ ನನ್ನನ್ನೇ ಉದಾಹರಣೆ ಕೊಟ್ಟರು. ತಂದೆಯ ದುಃಖದಲ್ಲಿ ಒಬ್ಬರು ಎಷ್ಟು ಕಠಿಣ ವ್ರತ ಹಿಡಿದಿದ್ದಾರೆ ನೋಡಿ ಎಂದರು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ, ವಿನಯದವನ ಹಾಗೆ. ಭಾನುವಾರದ ವೇದಪಾಠದಲ್ಲಿ ಮಕ್ಕಳಿಗೆ ಉಪವಾಸದ ಬಗ್ಗೆ ಹೇಳಲು ಕರೆದರು. ಅದಕ್ಕೂ ಹೋದೆ, ಅರ್ಧ ಗಂಟೆ ಹೇಳಿದೆ. ಕೊನೆಗೆ ಎಲ್ಲರ ಜೊತೆ ನಿಂತು ದಿನದ ಆಹಾರವನ್ನು ಬೇಡುವ ಪ್ರಾರ್ಥನೆಯನ್ನೂ ಹೇಳಿದೆ, ಕೊಟ್ಟರೆ ತಿನ್ನುವ ಮನಸ್ಸು ಸ್ವಲ್ಪವೂ ಇಲ್ಲದೆ.

ನೋಂಬಿನ ಕೊನೆಯಲ್ಲಿ, ಯೇಸುವಿನ ಕೊನೆಯ ಊಟವನ್ನು ನೆನೆಯುವ ಪೆಸಹಾ ಗುರುವಾರ ಬರುತ್ತದೆ. ಅವತ್ತು ಸಂಜೆ ನಮ್ಮ ಪ್ರತಿ ಮನೆಯಲ್ಲೂ ಅಕ್ಕಿ, ಉದ್ದು ಅರೆದು ಹುಳಿ ಬರಿಸದೆ ಹಬೆಯಲ್ಲಿ ಒಂದು ದಪ್ಪ ಅಪ್ಪಂ ಬೇಯಿಸುತ್ತಾರೆ. ಗರಿಗಳ ಭಾನುವಾರ ಇಗರ್ಜಿಯಿಂದ ತಂದ ತೆಂಗಿನ ಗರಿಯನ್ನು ಶಿಲುಬೆಯ ಹಾಗೆ ಮಾಡಿ ಅದರ ಮೇಲೆ ಇಡುತ್ತಾರೆ. ತೆಂಗಿನ ಹಾಲು, ಬೆಲ್ಲ ಕಾಯಿಸಿ ಜೊತೆಗೆ ಕೊಡುತ್ತಾರೆ. ಮನೆಯ ಯಜಮಾನ ಪ್ರಾರ್ಥನೆ ಮಾಡಿ ಅಪ್ಪಂ ಮುರಿದು, ಎಲ್ಲರಿಗಿಂತ ಹಿರಿಯರಿಗೆ ಮೊದಲು, ಕಿರಿಯರಿಗೆ ಕೊನೆಗೆ ಕೊಡಬೇಕು. ಎರಡೂ ಕೈ ಚಾಚಿ ತೆಗೆದುಕೊಳ್ಳಬೇಕು. ಒಂದು ಚೂರೂ ನೆಲಕ್ಕೆ ಬೀಳಬಾರದು. ಸಾವಾದ ಮನೆಯಲ್ಲಿ ಆ ವರ್ಷ ಅದನ್ನು ಮಾಡುವುದಿಲ್ಲ, ನೆರೆಮನೆಯವರು ಮಾಡಿ ತಂದು ಕೊಡುತ್ತಾರೆ.

ಆ ವರ್ಷ ನಮಗೂ ನೆರೆಮನೆಯಿಂದ ಬಂತು. ಯಜಮಾನ ಈಗ ನಾನು. ಮುರಿದೆ, ಅಮ್ಮನಿಗೆ, ಹೆಂಡತಿಗೆ, ಮಗಳಿಗೆ ಕೊಟ್ಟೆ. ನನ್ನ ತುಂಡನ್ನು ಕೈಯಲ್ಲಿ ಹಿಡಿದು ನಿಂತಾಗ ನನ್ನ ತಲೆಯೊಳಗೆ ಓಡಿದ್ದು ಪ್ರಾರ್ಥನೆಯಾಗಿರಲಿಲ್ಲ. ಅಕ್ಕಿ, ಉದ್ದು, ಬೆಲ್ಲ. ಗೋಡೆಯ ಮೇಲಿನ ಮೂವತ್ತಮೂರು ಇಂಚು. ಎಲ್ಲರೂ ಕಣ್ಣು ಮುಚ್ಚಿದ ಹೊತ್ತು ನೋಡಿ ಅದನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಕಿಸೆಗೆ ಹಾಕಿಕೊಂಡೆ. ಐವತ್ತು ವರ್ಷಕ್ಕೆ ಹತ್ತಿರ ಬಂದ ಗಂಡಸು, ವೇದಪಾಠ ಹೇಳಿದವ, ಕಳ್ಳನ ಹಾಗೆ. ಮರುದಿನ ಶುಕ್ರವಾರ ಅಂಗಿಯನ್ನು ನೀರಿಗೆ ಹಾಕುವಾಗ ಅದು ಅಮ್ಮನ ಕೈಗೆ ಸಿಕ್ಕಿತು. ನಾನು ಇಗರ್ಜಿಯಿಂದ ಬಂದಾಗ ಪ್ರಾರ್ಥನೆಯ ಮೂಲೆಯಲ್ಲಿ ಒಂದು ಬಟ್ಟಲಲ್ಲಿ ಅದು ಇತ್ತು. ಅಮ್ಮ ಬೈದಿದ್ದರೆ ಒಳ್ಳೆಯದಿತ್ತು.

ಆ ಮೇಲಿನ ಒಂದು ವರ್ಷ ಹೇಗೆ ಹೋಯಿತೆಂದು ಬರೆಯಲು ಹೆಚ್ಚು ಇಲ್ಲ. ನನ್ನ ಕೂದಲು ಉದುರಿತು, ಬೇಸಿಗೆಯಲ್ಲೂ ಕೈ ತಣ್ಣಗಾಗುತ್ತಿತ್ತು. ಮಾರನೆಯ ವರ್ಷ ನೋಂಬು ಮತ್ತೆ ಬಂದಾಗ ಒಂದು ದಿನ ಕತ್ತರಿ ಹಿಡಿದು ನಿಂತಲ್ಲೇ ಕಣ್ಣು ಕತ್ತಲೆ ಬಂದು ಗೆರೆ ಬಿಟ್ಟು ಬಟ್ಟೆ ಕತ್ತರಿಸಿಬಿಟ್ಟೆ. ಮೀನು ವ್ಯಾಪಾರದ ಒಬ್ಬ ಬ್ಯಾರಿ ಗಿರಾಕಿ ಮಗನ ಮದುವೆಗೆಂದು ಹೊಲಿಯಲು ಹಾಕಿದ ಬಟ್ಟೆ ಅದು. ಅವರಿಗೂ ಆಗ ರಂಜಾನ್ ತಿಂಗಳು. ನಾನು ತಪ್ಪಾಯಿತು, ಬೇರೆ ಬಟ್ಟೆ ತಂದು ಹೊಲಿದು ಕೊಡುತ್ತೇನೆ ಎಂದಾಗ ಅವರು ನನ್ನನ್ನೇ ಮೇಲಿಂದ ಕೆಳಗೆ ನೋಡಿದರು. "ಬಟ್ಟೆ ಹೋಗ್ಲಿ ಮಾರಾಯ್ರೆ. ಎಂತ ಇದು, ನಿಮ್ಮ ಅಂಗಿ ನಿಮಗೇ ಆಗುದಿಲ್ಲ, ಟೈಲರ್ ಅಲ್ವಾ ನೀವು? ನಾವು ಕೂಡ ಉಪವಾಸ ಹಿಡಿಯುದು. ಆದ್ರೆ ಸೂರ್ಯ ಮುಳುಗಿದ ಕೂಡ್ಲೇ ಮನೆಯವರೆಲ್ಲ ಒಟ್ಟಿಗೆ ಕೂತು ತಿನ್ನುದು. ನಿಮ್ಮ ಸೂರ್ಯ ಯಾವಾಗ ಮುಳುಗುದು?" ನಗುತ್ತಲೇ ಕೇಳಿದರು. ನಾನೂ ನಕ್ಕೆ. ಅವರು ಹೋದ ಮೇಲೆ ಮೆಷಿನಿನ ಮೇಲೆ ತಲೆಯಿಟ್ಟು ಬಹಳ ಹೊತ್ತು ಕೂತೆ.

ಅದೇ ವಾರ ಹೆಂಡತಿ ನನ್ನನ್ನು ಬಾವಿಯ ಹತ್ತಿರ ಕರೆದಳು. "ನೋಡಿ, ಅಮ್ಮಚ್ಚಿ ಬಡಿಸುದು ನಿಲ್ಲಿಸಿ ಎಷ್ಟು ಕಾಲ ಆಯ್ತು ಅಂತ ನಿಮಗೆ ಗೊತ್ತುಂಟಾ?" ಗೊತ್ತಿರಲಿಲ್ಲ. "ಅನ್ನದ ಸೌಟು ಮುಟ್ಟುದಿಲ್ಲ. ಮೊದಲು ಅಡುಗೆ ಮಾಡ್ತಿದ್ರು, ಮೇಜಿನ ಮೇಲೆ ಇಟ್ಟು ಹಿಂದೆ ಹೋಗಿ ಕೂತ್ಕೊಳ್ತಿದ್ರು. ಈಗ ಅಡುಗೆಗೂ ಬರುದಿಲ್ಲ. ಅವರು ತಿನ್ನುದು ಎರಡು ಚಮಚ ಗಂಜಿ. ಕೇಳಿದ್ರೆ ನೋಂಬು ಅಂತಾರೆ. ಯಾರಿಂದ ಕಲ್ತದ್ದು ಅದನ್ನು?" ನಾನು ಒಳಗೆ ಹೋಗಿ ಅಮ್ಮನನ್ನು ನೋಡಿದೆ. ರವಕೆ ಭುಜದಿಂದ ಜಾರುತ್ತಿತ್ತು. ತೋಳಿನ ಹೊಲಿಗೆ ಮೊಣಕೈಯ ಹತ್ತಿರ ಬಂದಿತ್ತು. ಊರಿನವರ ಮೈಯನ್ನೆಲ್ಲ ಕಣ್ಣಳತೆಯಲ್ಲೇ ಹೇಳುವವ ನಾನು. ಒಂದೇ ಮನೆಯಲ್ಲಿದ್ದೂ ಅಮ್ಮ ಅರ್ಧ ಆದದ್ದು ನನಗೆ ಕಂಡಿರಲಿಲ್ಲ.

ಮಾರನೆಯ ದಿನ ಪುತ್ತೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಾಯಿಲೆ ಏನೂ ಇಲ್ಲ, ತಿನ್ನದೆ ನಿತ್ರಾಣ ಆಗಿದ್ದಾರೆ, ಹೀಗೇ ಬಿಟ್ಟರೆ ಮಲಗಿದಲ್ಲಿಂದ ಏಳುವುದಿಲ್ಲ ಎಂದರು. ವಾಪಸು ಬರುವ ಬಸ್ಸಿನಲ್ಲಿ ಅಮ್ಮ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು. ಪೆಸಹಾಕ್ಕೆ ಇನ್ನು ಒಂಬತ್ತು ದಿನ ಇತ್ತು. ಈ ವರ್ಷ ನಮ್ಮ ಮನೆಯಲ್ಲೇ ಅಪ್ಪಂ ಮಾಡಬೇಕು, ಉದ್ದಿನ ಅಳತೆ ಅಮ್ಮನಿಗೆ ಮಾತ್ರ ಗೊತ್ತು. ಆ ಮಾತು ತೆಗೆದರೆ ಅವರಿಗೆ ಉತ್ಸಾಹ ಬರಬಹುದು ಎಂದುಕೊಂಡು ತೆಗೆದೆ.

"ನನ್ನ ಕೈಯಿಂದ ಬೇಡ ಮೋನೆ" ಎಂದರು. ಮಗನೇ ಎನ್ನುವುದಕ್ಕೆ ನಮ್ಮಲ್ಲಿ ಹಾಗೆ ಹೇಳುವುದು.

"ಯಾಕೆ ಅಮ್ಮಚ್ಚಿ?"

"ಐವತ್ತು ವರ್ಷ ಅವರಿಗೆ ಬಡಿಸಿದ್ದು ನಾನಲ್ವಾ. ಸಾಕು ಅಂದ್ರೂ ಬಿಡದೆ ಹಾಕ್ತಿದ್ದೆ. ಅವತ್ತು ಕೂಡ ಹಾಕಿದೆ. ನನಗೆ ಗೊತ್ತಿರ್ಲಿಲ್ಲ ಅದು ಹಾಗೆ ಅಂತ. ನೀನು ಓದಿ ತಿಳ್ಕೊಂಡಿದ್ದೀ. ಪೆಸಹಾದ್ದನ್ನು ಕೂಡ ತಿನ್ಲಿಲ್ಲ ನೀನು, ಅಷ್ಟು ಕೆಟ್ಟದು ಅದು. ಇನ್ನು ಈ ಕೈಯಿಂದ ಯಾರಿಗೂ ಬೇಡ."

ಬಸ್ಸಿನ ತುಂಬ ಜನ ಇದ್ದರು. ಅಮ್ಮ ಅಳಲಿಲ್ಲ, ನಾಳೆ ಬಟ್ಟೆ ಒಗೆಯುವುದಿದೆ ಎನ್ನುವ ದನಿಯಲ್ಲಿ ಹೇಳಿದರು. ಹಾಗಲ್ಲ ಅಮ್ಮಚ್ಚಿ, ಅನ್ನದಿಂದ ಏನೂ ಆದದ್ದಲ್ಲ ಎಂದೆ. ಅವರು ನಂಬಲಿಲ್ಲ. ಯಾಕೆ ನಂಬಬೇಕು? ಎರಡು ವರ್ಷದಿಂದ ನಾನೇ ಅದನ್ನು ಹೇಳುತ್ತಾ ಬಂದದ್ದು. ನಿಜವಾದ ಕಾರಣ ಹೇಳಿದ್ದರೆ ನಂಬುತ್ತಿದ್ದರು. ಅದು ನನ್ನ ಗಂಟಲಲ್ಲಿ ಇತ್ತು, ಕಡಬದ ಸ್ಟಾಪ್ ಬರುವವರೆಗೂ ಇತ್ತು, ಇಳಿದ ಮೇಲೂ ಇತ್ತು. ಹೇಳಲಿಲ್ಲ.

ಪೆಸಹಾಕ್ಕೆ ಮೊದಲು ನಮ್ಮವರು ಪಾಪನಿವೇದನೆ ಮಾಡುತ್ತಾರೆ. ಸೋಮವಾರ ಅಂಗಡಿ ಬೇಗ ಮುಚ್ಚಿ ಇಗರ್ಜಿಗೆ ಹೋದೆ. ಅಚ್ಚನ್ ಮುಂದೆ ಮೊಣಕಾಲೂರಿ, ನೋಂಬಿನ ಹೆಸರಲ್ಲಿ ನಾನು ಮಾಡಿದ್ದೆಲ್ಲ ಹೇಳಿದೆ. ಕಿಸೆಗೆ ಹಾಕಿದ ತುಂಡಿನ ವಿಷಯ ಹೇಳಿದೆ. ಆಮೇಲೆ ತಂದೆ ಬೆಂಚಿನಲ್ಲಿ ಕೂತು ಹೇಳಿದ ಮಾತನ್ನೂ, ನಾನು ಕೊಟ್ಟ ಉತ್ತರವನ್ನೂ ಹೇಳಿದೆ. ಬಾಯಿಬಿಟ್ಟು ಅದನ್ನು ಆಡಿದ್ದು ಅದೇ ಮೊದಲು.

ಅಚ್ಚನ್, "ನಿಮ್ಮನ್ನು ನಾನು ಪ್ರಸಂಗದಲ್ಲಿ ಹೊಗಳಿದೆ. ಅದು ನನ್ನ ತಪ್ಪು, ಅದನ್ನು ನಾನು ನೋಡ್ಕೊಳ್ತೇನೆ" ಎಂದರು. "ನೋಂಬು ಅಂದ್ರೆ ನಾವು ಬಿಟ್ಟದ್ದು ಇಲ್ಲದವರ ತಟ್ಟೆಗೆ ಹೋಗ್ಬೇಕು. ನೀವು ಬಿಟ್ಟ ಅನ್ನ ಯಾರ ತಟ್ಟೆಗೆ ಹೋಯ್ತು?" ನನಗೆ ಅಮ್ಮನ ತಟ್ಟೆಯಿಂದಲೂ ಅದು ಹೋಗಿತ್ತು ಎಂದು ಮಾತ್ರ ಗೊತ್ತಿತ್ತು. "ಹಸಿವು ದೇವರು ಇಟ್ಟದ್ದು. ಅದನ್ನು ಶತ್ರು ಅಂತ ನೋಡಿದ್ರೆ ಇಟ್ಟವನ ಮೇಲೆ ನಂಬಿಕೆ ಇಲ್ಲ ಅಂತ ಆಗ್ತದೆ. ಹೋಗಿ, ಹಸಿವಾದಾಗ ಉಣ್ಣಿ. ಸಾಕಾದಾಗ ಏಳಿ. ಇದೇ ನಿಮ್ಮ ಪ್ರಾಯಶ್ಚಿತ್ತ. ಅಪ್ಪಚ್ಚನ ವಿಷಯ ನನಗೆ ಹೇಳಿದ್ದು ಸಾಕಾಗುದಿಲ್ಲ. ಅದನ್ನು ಕೇಳ್ಬೇಕಾದವರು ಮನೆಯಲ್ಲಿ ಇದ್ದಾರೆ."

ಸುಲಭದ ಪ್ರಾಯಶ್ಚಿತ್ತ ಎಂದು ಯಾರಿಗಾದರೂ ಅನಿಸಬಹುದು. ಮಾರನೆಯ ದಿನ ಹೆಂಡತಿ ನನ್ನ ಮುಂದೆ ಅನ್ನ, ಹೆಸರುಕಾಳಿನ ಪದಾರ್ಥ ಇಟ್ಟಾಗ ನನ್ನ ಕೈ ತಟ್ಟೆಗೆ ಹೋಗಲಿಲ್ಲ. ನಿಜಕ್ಕೂ ಹೆದರಿಕೆಯಾಯಿತು. ಮೊದಲ ತುತ್ತು ಗಂಟಲಲ್ಲಿ ಇಳಿಯುವಾಗ ಕಣ್ಣಲ್ಲಿ ನೀರು ಬಂತು. ಎಷ್ಟು ಉಣ್ಣಬೇಕು ಎಂದೇ ನನಗೆ ಗೊತ್ತಿರಲಿಲ್ಲ. ಎರಡು ವರ್ಷ ಯಾರ‍್ಯಾರೋ ಹೇಳಿದ ಗ್ರಾಮುಗಳಲ್ಲಿ ಉಂಡವನಿಗೆ ಸ್ವಂತ ಹೊಟ್ಟೆ ಏನು ಹೇಳುತ್ತಿದೆ ಎಂದು ಕೇಳಿಸುತ್ತಲೇ ಇರಲಿಲ್ಲ. ಅದನ್ನು ಮತ್ತೆ ಕಲಿಯಲು ತಿಂಗಳುಗಳೇ ಹಿಡಿದವು. ಈಗ ನಾನು ಮೂರು ಹೊತ್ತು ಉಣ್ಣುತ್ತೇನೆ. ಡಾಕ್ಟರು ಮೊದಲ ದಿನ ಹೇಳಿದ ಹಾಗೆ ಅನ್ನ ಸ್ವಲ್ಪ ಕಮ್ಮಿ, ತರಕಾರಿ ಜಾಸ್ತಿ, ಬೆಳಿಗ್ಗೆ ಇಗರ್ಜಿಯ ಗುಡ್ಡೆಯವರೆಗೆ ನಡಿಗೆ. ಸಕ್ಕರೆ ಮಾಯವಾಗಿಲ್ಲ, ಗಡಿಯಲ್ಲೇ ಉಂಟು, ಮೂರು ತಿಂಗಳಿಗೊಮ್ಮೆ ತೋರಿಸುತ್ತೇನೆ. ಸೊಂಟ ಮೂವತ್ತೇಳಕ್ಕೆ ಬಂದು ನಿಂತಿದೆ. ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಗೂ ಬಟ್ಟೆ ಸಾಲದು, ಹೊಟ್ಟೆ ಸಣ್ಣ ಮಾಡಿಕೊಂಡು ಬನ್ನಿ ಎಂದು ನಾನು ಹೇಳಿದವನಲ್ಲ. ಬಂದ ಮೈಗೆ ಬಟ್ಟೆ ಹೊಲಿಯುವುದೇ ನನ್ನ ಕೆಲಸ. ನನ್ನ ಮೈಗೆ ಮಾತ್ರ ಆ ಮರ್ಯಾದೆ ಕೊಟ್ಟಿರಲಿಲ್ಲ.

ಆದರೆ ಅವೆಲ್ಲ ಆಮೇಲಿನದು. ಆ ವಾರ ನಾನು ಉಣ್ಣಲು ಶುರು ಮಾಡಿದ್ದನ್ನು ಅಮ್ಮ ದೂರದಿಂದ ನೋಡಿದರು, ಅವರು ಉಣ್ಣಲಿಲ್ಲ. ನಾನು ಹೇಳಬೇಕಾದದ್ದನ್ನು ಮಂಗಳವಾರ ಹೇಳಲಿಲ್ಲ, ಬುಧವಾರವೂ ಹೇಳಲಿಲ್ಲ. ಪ್ರತಿ ಸಲ ಅವರ ಹತ್ತಿರ ಹೋಗಿ, ಡಾಕ್ಟರು ಕೊಟ್ಟ ಟಾನಿಕ್ ತಗೊಂಡ್ರಾ ಎಂದು ಕೇಳಿ ವಾಪಸು ಬಂದೆ. ಹೇಳಿದರೆ ಅಮ್ಮ ನನ್ನ ಮುಖ ನೋಡುವುದಿಲ್ಲ ಎಂಬ ಹೆದರಿಕೆ. ಆ ಹೆದರಿಕೆ ಅಮ್ಮನ ಜೀವಕ್ಕಿಂತ ದೊಡ್ಡದಾಗಿತ್ತು ಎಂದು ಬರೆಯಲು ಈಗಲೂ ಕಷ್ಟವಾಗುತ್ತದೆ.

ಗುರುವಾರ ಅಕ್ಕಿ, ಉದ್ದು ಅರೆದದ್ದು ಹೆಂಡತಿ. ಅಳತೆಯನ್ನು ಅಂದಾಜಿನಲ್ಲೇ ಹಾಕಿದಳು. ಸಂಜೆ ಇಗರ್ಜಿಯಿಂದ ಬಂದು ದೀಪ ಹಚ್ಚಿ ನಾಲ್ವರೂ ಮೇಜಿನ ಸುತ್ತ ನಿಂತೆವು. ಅಮ್ಮ ನಿಲ್ಲಲಾಗದೆ ಕುರ್ಚಿಯಲ್ಲಿ ಕೂತರು. ಮಗಳು ಪ್ರಾರ್ಥನೆ ಓದಿದಳು. ನಾನು ಗರಿಯ ಶಿಲುಬೆಯನ್ನು ಎತ್ತಿ ಬದಿಗಿಟ್ಟು ಅಪ್ಪಂ ಮುರಿದೆ. ಮೊದಲ ತುಂಡನ್ನು ಹಿರಿಯರಾದ ಅಮ್ಮನ ಕಡೆ ಚಾಚಿದೆ. ಅಮ್ಮನ ಕೈ ಮಡಿಲಿನಿಂದ ಮೇಲೆ ಬರಲಿಲ್ಲ.

"ನೀವು ತಿನ್ನಿ" ಎಂದರು. "ಅವರನ್ನು ಕಳಿಸಿದ ಕೈ ಇದು. ಇದನ್ನು ಚಾಚಿ ಹೇಗೆ ತಗೊಳ್ಳುದು ನಾನು?"

ಹೆಂಡತಿ ಬಾಯಿಗೆ ಸೆರಗು ಹಿಡಿದಳು. ನಾನು ತುಂಡನ್ನು ಹಿಡಿದುಕೊಂಡೇ ಅಮ್ಮನ ಕುರ್ಚಿಯ ಮುಂದೆ ಕೂತೆ. ಹೇಗೆ ಹೇಳಬೇಕೆಂದು ನಾಲ್ಕು ದಿನ ಯೋಚಿಸಿದ್ದೆಲ್ಲ ಮರೆತುಹೋಯಿತು.

"ಅಮ್ಮಚ್ಚಿ, ಅಪ್ಪಚ್ಚನ್ ನನ್ನ ಹತ್ರ ಹೇಳಿದ್ರು. ಮೂರು ವಾರ ಮೊದಲೇ ಅಂಗಡಿಗೆ ಬಂದು, ಎದೆ ಉರಿತದೆ ಅಂತ ಹೇಳಿದ್ರು. ನಿಮಗೆ ಹೇಳ್ಬೇಡ ಅಂದ್ರು. ನಾನು ಗ್ಯಾಸ್ ಅಂತ ಹೇಳಿ, ಸೋಡಾ ಕುಡೀರಿ ಅಂತ ಕಳಿಸಿದೆ. ಅವತ್ತೇ ಪುತ್ತೂರಿಗೆ ಕರ್ಕೊಂಡು ಹೋಗ್ಬೇಕಿತ್ತು. ಹೋಗ್ಲಿಲ್ಲ. ಅನ್ನದಿಂದ ಅಲ್ಲ. ನಿಮ್ಮ ಕೈಯಿಂದ ಅಲ್ಲ. ನಾನು ಯಾರ ಹತ್ರವೂ ಹೇಳ್ಲಿಕ್ಕೆ ಆಗದೆ ಅನ್ನದ ಮೇಲೆ ಹಾಕಿದ್ದು."

ಅಮ್ಮ ನನ್ನ ಮುಖವನ್ನೇ ನೋಡಿದರು. ಹೊಡೆಯುತ್ತಾರೆ ಎಂದುಕೊಂಡೆ, ಹೊಡೆಯಲಿ ಎಂದೂ ಅನಿಸಿತು. ಅವರು ಕೈಯೆತ್ತಿ ನನ್ನ ಕೆನ್ನೆಯನ್ನು ಮುಟ್ಟಿ ನೋಡಿದರು. ಕೆನ್ನೆಯ ಮೂಳೆ, ಕುತ್ತಿಗೆ, ಅಂಗಿಯೊಳಗೆ ಎದ್ದುಕೊಂಡಿದ್ದ ಭುಜದ ಮೂಳೆ.

"ಅದಕ್ಕಾ ಮೋನೆ," ಎಂದರು, "ನೀನು ಇಷ್ಟು ದಿನ ಉಣ್ಣದೆ ಇದ್ದದ್ದು?"

ನಾನು ಹಾಗೆ ಎಂದೂ ಯೋಚಿಸಿರಲಿಲ್ಲ. ಸಕ್ಕರೆ, ಸೊಂಟ, ಮೊಬೈಲಿನವರ ಮಾತು, ನೋಂಬು ಎಂದು ಎಲ್ಲರಿಗೂ ಒಂದೊಂದು ಕಾರಣ ಕೊಟ್ಟಿದ್ದೆ, ನನಗೂ ಕೊಟ್ಟುಕೊಂಡಿದ್ದೆ. ಅಮ್ಮ ಕೇಳಿದ ಮೇಲೆ ಬೇರೆ ಕಾರಣ ಯಾವುದೂ ಉಳಿಯಲಿಲ್ಲ. "ಹೌದು ಅಮ್ಮಚ್ಚಿ" ಎಂದೆ. ಅಷ್ಟು ಹೇಳಿದವನೇ ಅವರ ಮಡಿಲಲ್ಲಿ ತಲೆಯಿಟ್ಟು ಅತ್ತೆ. ತಂದೆ ಸತ್ತ ದಿನ ಅಳದವ ಅವತ್ತು ಅತ್ತೆ.

ಅಮ್ಮ ಅಪ್ಪಂ ಹಿಡಿದಿದ್ದ ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ನನ್ನ ಬಾಯಿಯ ಹತ್ತಿರ ತಂದರು. "ತಿನ್ನು" ಎಂದರು.

ಮಗಳು ಅಜ್ಜಿಯ ಕಡೆ ಬಾಗಿ ಮೆಲ್ಲಗೆ, "ವಲ್ಯಮ್ಮಚ್ಚಿ, ಮೊದಲು ನೀವಲ್ವಾ ತಗೊಳ್ಬೇಕಾದ್ದು" ಎಂದಳು.

"ಮೊದಲು ಅವ ತಿನ್ಲಿ. ಅವನಿಗೆ ಹಸಿವಾಗಿದೆ."

ನಾನು ತಿಂದೆ. ಎದ್ದು ನಿಂತು ಎರಡನೆಯ ತುಂಡನ್ನು ಮುರಿದು ಅಮ್ಮನ ಕಡೆ ಚಾಚಿದೆ. ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡರು.